ಹೊಗೆ ಹಿಡಿದ ಅಡುಗೆಮನೆ, ಅಗಸೆಯ ಮಡಿ

ಷುಲ್ಜ್ ಮನೆಯ ಒಲೆಕೋಣೆ ಇರುವುದು ಮನೆಯ ನಟ್ಟನಡುವೆ. ಬೆಳಕು ಕಡಿಮೆ. ಗೋಡೆಗಳೆಲ್ಲ ಮಸಿ ಹಿಡಿದು ಕಪ್ಪಾಗಿವೆ. ಕೋಣೆಯೇ ಇಲ್ಲಿ ಹೊಗೆಗೂಡು: ಕೆಳಗೆ ಬೆಂಕಿಯ ಮೇಲೆ ಅಡುಗೆ ಬೇಯುತ್ತದೆ, ಮೇಲೇರುವ ಹೊಗೆಯಲ್ಲಿ ಚಳಿಗಾಲಕ್ಕೆಂದು ತೂಗುಹಾಕಿದ ಮಾಂಸ ಹದವಾಗುತ್ತದೆ. ಬಾಲ್ಟಿಕ್ ಕಡಲಂಚಿನ ಪೊಮೆರೇನಿಯಾದಿಂದ ಹೊರಟು ಬಂದ ಜರ್ಮನ್ ರೈತರು ಊರು ಬಿಟ್ಟರೂ ಒಲೆಯ ಈ ಕ್ರಮವನ್ನು ಬಿಡಲಿಲ್ಲ. ಮರದ ಚೌಕಟ್ಟು ನಿಲ್ಲಿಸಿ, ನಡುವೆ ಹುಲ್ಲು ಕಲಸಿದ ಜೇಡಿಮಣ್ಣು ತುಂಬಿದ ಈ ಗೋಡೆಗಳಿಗೆ 1860ರ ಹೊತ್ತಿನ ಬದುಕು ಮತ್ತೆ ಬಂದಿದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಈಗಲ್ ಎಂಬ ಸಣ್ಣ ಊರಿನ ಬಳಿ, ಹಿಮನದಿಗಳು ಬಿಟ್ಟುಹೋದ ಗುಡ್ಡ ತಗ್ಗುಗಳ ಕಾಡಿನಲ್ಲಿದೆ ಷುಲ್ಜ್ ಮನೆ ನಿಂತಿರುವ 'ಓಲ್ಡ್ ವರ್ಲ್ಡ್ ವಿಸ್ಕಾನ್ಸಿನ್'. 1976ರಲ್ಲಿ ತೆರೆದ ಬಯಲು ವಸ್ತುಸಂಗ್ರಹಾಲಯ ಇದು. ರಾಜ್ಯದ ಮೂಲೆಮೂಲೆಗಳಲ್ಲಿ ಬೀಳುವ ಹಾಗಿದ್ದ ಮನೆ, ಕೊಟ್ಟಿಗೆ, ಶಾಲೆಗಳನ್ನು ಬಿಚ್ಚಿ ತಂದು ಇಲ್ಲಿ ಮರಳಿ ಕಟ್ಟಿದ್ದಾರೆ. ಅರವತ್ತಕ್ಕೂ ಹೆಚ್ಚು ಕಟ್ಟಡಗಳಿವೆ. ಅರಮನೆ ಒಂದೂ ಇಲ್ಲ ಎಂಬುದೇ ನನಗೆ ಇದರ ದೊಡ್ಡಸ್ತಿಕೆ. ದುಡಿದ ಕೈಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಲಾಗದು. ಆ ದುಡಿಮೆಯನ್ನೇ ಮತ್ತೆ ಮಾಡಿ ತೋರಿಸಬೇಕು. ಹಳೆಯ ಉಡುಗೆ ತೊಟ್ಟ ಸಿಬ್ಬಂದಿ ಇಲ್ಲಿ ಮಾಡುವುದು ಅದನ್ನೇ.

ಷುಲ್ಜ್ ಮನೆಯಂಗಳದ ಅಗಸೆಯನ್ನೇ ನೋಡಿ. ನಮ್ಮ ಉತ್ತರ ಕರ್ನಾಟಕದಲ್ಲಿ ಅಗಸೆ ಬೆಳೆಯುವುದು ಬೀಜಕ್ಕೆ. ರೊಟ್ಟಿಯ ಜೊತೆಗಿನ ಚಟ್ನಿಪುಡಿಗೆ. ಇಲ್ಲಿ ಬೇಕಾದದ್ದು ಕಾಂಡದೊಳಗಿನ ನಾರು. ಕೊಯ್ದರೆ ನಾರಿನ ಉದ್ದ ಕಡಿಮೆಯಾದೀತೆಂದು ಗಿಡವನ್ನು ಬೇರುಸಮೇತ ಕೀಳುತ್ತಾರೆ. ಒಣಗಿಸಿ, ಬೀಜ ಉದುರಿಸಿ, ಕಾಂಡವನ್ನು ನೀರಲ್ಲೋ ಇಬ್ಬನಿಯಲ್ಲೋ ಕೊಳೆಯಬಿಡಬೇಕು. ಹೆಚ್ಚು ಕೊಳೆತರೆ ನಾರು ಹಾಳು, ಕಡಿಮೆಯಾದರೆ ತೊಗಟೆ ಬಿಡದು. ಆಮೇಲೆ ಮರದ ದವಡೆಯಂಥ ಸಾಧನದಲ್ಲಿ ಕಾಂಡವನ್ನು ಜಜ್ಜಿ ಮುರಿಯುವುದು, ಹಲಗೆಗೆ ಹಿಡಿದು ಸಿಬಿರು ಕೆರೆಯುವುದು, ಕಬ್ಬಿಣದ ಮುಳ್ಳುಗಳ ಮೇಲೆ ಎಳೆದೆಳೆದು ಬಾಚುವುದು. ಕೊನೆಗೆ ಕೈಗೆ ಸಿಗುವುದು ಹೊಂಬಣ್ಣದ ನುಣುಪು ನಾರಿನ ಒಂದು ಜಡೆ. ಅದನ್ನು ರಾಟೆಯಲ್ಲಿ ನೂತು, ನೇಯ್ದು, ಹೊಲಿದರೆ ಒಂದು ಅಂಗಿ. ಇದರಲ್ಲಿ ಹೆಚ್ಚಿನ ಪಾಲು ಹೆಂಗಸರದು. ಅದೂ ಹಾಲು ಕರೆಯುವುದು, ಬೆಣ್ಣೆ ಕಡೆಯುವುದು, ಮಕ್ಕಳನ್ನು ನೋಡಿಕೊಳ್ಳುವುದು ಎಲ್ಲದರ ನಡುವೆಯೇ. ಅಂಗಿಯನ್ನು ಮುಟ್ಟಿ ನೋಡಿದವರಿಗೆ ಅದರ ಬೆಲೆ ಬೇರೆ ಹೇಳಬೇಕಿಲ್ಲ.

ನಾರ್ವೆಯವರ ಫಾಸೆಬ್ರೆಕ್ಕೆ ಮನೆ 1840ರ ದಶಕದ್ದು. ಮರದ ದಿಮ್ಮಿಗಳ ಒಂದೇ ಕೋಣೆ. ಹೋಫಾ ಪಾರ್ಕ್ ಎಂಬ ಊರಿನಿಂದ ತಂದ ಪೋಲಿಷ್ ಮನೆಯ ಗೋಡೆಯಾದರೋ ಒಲೆಗೆ ಕಡಿದ ಸೌದೆ ಒಟ್ಟಿದ ಹಾಗೆ. ಗಿಡ್ಡ ತುಂಡುಗಳನ್ನು ಅಡ್ಡಡ್ಡ ಪೇರಿಸಿ ಗಾರೆ ತುಂಬಿದ್ದಾರೆ. ಒಂದೇ ಸೂರಿನಡಿ ಒಂದು ಕಡೆ ಮನುಷ್ಯರು, ಇನ್ನೊಂದು ಕಡೆ ಕೋಳಿಗಳು. ಬಡತನವೂ ಇತ್ತು, ಜಾಣತನವೂ ಇತ್ತು. ಫಿನ್‌ಲೆಂಡಿನವರು ಬರುವ ಹೊತ್ತಿಗೆ ಉತ್ತರದ ಪೈನ್ ಕಾಡನ್ನು ಮರದ ಕಂಪನಿಗಳು ಕಡಿದು ಮುಗಿಸಿದ್ದವು. ಅವರ ಪಾಲಿಗೆ ಬಂದದ್ದು ಬೊಡ್ಡೆಗಳು ತುಂಬಿದ ನೆಲ. ಬೊಡ್ಡೆ ಕಿತ್ತು ಬೆವರಿದ ಮೈಗೆ ಬಿಸಿಯ ಆರೈಕೆ ಸಿಗುತ್ತಿದ್ದುದು ಸೌನಾ ಎಂಬ ಹಬೆಮನೆಯಲ್ಲಿ. ಎಷ್ಟೋ ಫಿನ್ನಿಷ್ ತಾಯಂದಿರ ಹೆರಿಗೆಯಾಗುತ್ತಿದ್ದುದೂ ಸೌನಾದಲ್ಲೇ.

ಬಂದು ನೆಲೆಸಿದವರೆಲ್ಲ ಯುರೋಪಿನವರಲ್ಲ. ಗುಲಾಮಗಿರಿಯಿಂದ ಬಿಡುಗಡೆ ಪಡೆದ ಕಪ್ಪು ಜನರ ಕುಟುಂಬಗಳು 1850ರ ಹೊತ್ತಿಗೆ ಪ್ಲೆಸೆಂಟ್ ರಿಜ್ ಎಂಬಲ್ಲಿ ಬೇಸಾಯಕ್ಕಿಳಿದವು. ಅವರ ಚರ್ಚನ್ನೂ ಇಲ್ಲಿ ಮರುನಿರ್ಮಿಸಿದ್ದಾರೆ. ಇನ್ನು ನೆಲದ ಮಾತು. 1833ರ ಶಿಕಾಗೊ ಒಪ್ಪಂದದಲ್ಲಿ ಪೊಟವಾಟಮಿ ಜನ ಈ ಆಗ್ನೇಯ ವಿಸ್ಕಾನ್ಸಿನ್ ಸೀಮೆಯನ್ನು ಬಿಟ್ಟುಕೊಡಬೇಕಾಯಿತು. ಬಹಳ ಮಂದಿಯನ್ನು ಮಿಸಿಸಿಪ್ಪಿ ನದಿಯಾಚೆಗೆ ಸಾಗಿಸಿದರು. ಜರ್ಮನ್ ರೈತನ ಮೊದಲ ನೇಗಿಲಗೆರೆ ಬಿದ್ದದ್ದು ಹೀಗೆ ಬಿಟ್ಟುಕೊಟ್ಟ ನೆಲದ ಮೇಲೆಯೇ. ವಲಸೆ ಬಂದವರ ದುಡಿಮೆಗೆ ತಲೆಬಾಗುವಾಗ ನಾನು ಈ ಇಸವಿಯನ್ನೂ ಜೊತೆಗಿಟ್ಟುಕೊಳ್ಳುತ್ತೇನೆ.