ಗೇರ್ ಸೈಕಲ್ ಬ್ರೇಕ್ ಕೀಚ್ ಅಂತಿದ್ಯಾ? ಎಣ್ಣೆ ಹೊಡೆಯೋಕೆ ಮುಂಚೆ ಇದನ್ನ ಓದಿ

ಚಿಕ್ಕಮಗಳೂರು: ಕಳೆದ ತಿಂಗಳು ಮುಳ್ಳಯ್ಯನಗಿರಿ ಕಡೆ ಸೈಕಲ್ ಹತ್ತಿಸಿದ್ದೆ. ಎರಡು ದಿನದಿಂದ ಡಿಸ್ಕ್ ಬ್ರೇಕ್ ಕೀಚ್ ಕೀಚ್ ಅಂತಿತ್ತು. ಮೇಲೆ ಹೋದ ಮೇಲೆ ಬ್ಯಾಗಿನಲ್ಲಿದ್ದ ತುಕ್ಕು ಬಿಡಿಸೋ ಸ್ಪ್ರೇ ತೆಗೆದು ಎರಡೂ ಡಿಸ್ಕ್‌ಗೆ ಚೆನ್ನಾಗಿ ಹೊಡೆದೆ. ಸದ್ದು ನಿಂತಿತು. ಕೈಮರದ ಕಡೆ ಇಳಿಯೋಕೆ ಶುರು ಮಾಡಿ ಮೊದಲನೇ ತಿರುವಿನಲ್ಲಿ ಬ್ರೇಕ್ ಹಿಡಿದೆ ನೋಡಿ, ಬ್ರೇಕೂ ನಿಂತುಹೋಗಿತ್ತು. ಎದುರಿಗೆ ಪ್ರವಾಸಿಗರ ಜೀಪು. ಬೇರೆ ದಾರಿ ಕಾಣದೆ ಸೈಕಲ್ಲನ್ನ ಧರೆಗೆ ಕೊಟ್ಟೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಜೀಪು ಇದ್ದ ಕಡೆಗೇ ಹೋಗಿದ್ದರೆ ಈ ಲೇಖನ ಬರೆಯೋಕೆ ನಾನು ಇರ್ತಿರಲಿಲ್ಲ.

ಸೈಕಲ್ ತಳ್ಳಿಕೊಂಡು ಊರಿನ ಒಂದು ಸೈಕಲ್ ಶಾಪಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಅಣ್ಣ ಡಿಸ್ಕ್ ಮುಟ್ಟಿ, ಬೆರಳು ಮೂಸಿ ನೋಡಿದರು. "ಬ್ರೇಕ್‌ಗೆ ಎಣ್ಣೆ ಹೊಡೆದ್ಯಾ? ಡಿಗ್ರಿ ಓದೋಕೆ ಹೋಗಿದ್ದೆ ಅಂತೀಯ, ಇಷ್ಟು ಗೊತ್ತಾಗಲ್ವಾ ಮಾರಾಯ?" ಅಂತ ಬೈದರು. ಬೈದ ಮೇಲೆ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂರಿಸಿ, ಎರಡು ಗಂಟೆ ಒಂದೊಂದೇ ಭಾಗ ತೋರಿಸಿ ಹೇಳಿಕೊಟ್ಟರು. "ಹೆಸರು ಹಾಕಬೇಡ, ಜಾಹೀರಾತು ಅನ್ಕೋತಾರೆ" ಅಂದಿದ್ದಕ್ಕೆ ಹೆಸರು ಹಾಕಿಲ್ಲ. ಗೇರ್ ಸೈಕಲ್ ಇಟ್ಟುಕೊಂಡವರಿಗೆ, ಮಕ್ಕಳಿಗೆ ಕೊಡಿಸಿದವರಿಗೆ ಉಪಯೋಗ ಆಗಲಿ ಅಂತ ಅವರು ಹೇಳಿದ್ದನ್ನ ಇಲ್ಲಿ ಕೊಟ್ಟಿದ್ದೇನೆ.

ಬ್ರೇಕ್: ಮೊದಲ ದುಡ್ಡು ಇದಕ್ಕೇ

ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರದಲ್ಲಿದೆ, ರಾಜ್ಯದ ಅತಿ ಎತ್ತರದ ಶಿಖರ. ಅಲ್ಲಿಂದ ಊರಿಗೆ ಬರೋ ಹೊತ್ತಿಗೆ ಸುಮಾರು 800 ಮೀಟರ್ ಇಳಿದಿರ್ತೀವಿ. ಅಷ್ಟು ಇಳಿತವನ್ನೂ ತಡೆಯೋದು ಬ್ರೇಕ್ ಒಳಗಿನ ಎರಡು ಸಣ್ಣ ಪ್ಯಾಡ್‌ಗಳು.

ಡಿಸ್ಕ್ ಬ್ರೇಕ್ ಕೆಲಸ ಮಾಡೋದು ಉಜ್ಜಾಟದಿಂದ. ಡಿಸ್ಕ್ ಮೇಲೆ ಎಣ್ಣೆ ಬಿದ್ದರೆ ಅದು ಪ್ಯಾಡ್‌ಗೂ ಹಿಡಿಯುತ್ತೆ, ಪ್ಯಾಡ್ ಅದನ್ನ ಹೀರಿಕೊಳ್ಳುತ್ತೆ. ಆಮೇಲೆ ಎಷ್ಟು ಒತ್ತಿದರೂ ಜಾರುತ್ತೆ. ಸ್ಪ್ರೇ, ಗ್ರೀಸು, ಚೈನ್ ಆಯಿಲ್, ಅಷ್ಟೇ ಯಾಕೆ, ಎಣ್ಣೆ ಕೈಯಲ್ಲಿ ಡಿಸ್ಕ್ ಮುಟ್ಟೋದೂ ಬೇಡ.

"ಡಿಸ್ಕನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹೊಸ ಬಟ್ಟೆಯಲ್ಲಿ ಒರೆಸಬಹುದು, ಸರಿಹೋಗುತ್ತೆ. ಪ್ಯಾಡ್‌ಗೆ ಮೇಲೆ ಮೇಲೆ ತಾಗಿದ್ದರೆ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ನೋಡಬಹುದು. ಒಳಗೆ ಇಳಿದಿದ್ದರೆ ಪ್ಯಾಡ್ ಬಿಸಾಕೋದೇ" ಅಂದರು. ನನ್ನದು ಬಿಸಾಕೋ ಲೆಕ್ಕಕ್ಕೆ ಬಂತು, ಮುಂದೆ ಹಿಂದೆ ಎರಡೂ ಜೊತೆ.

ಹಾಗಾದ್ರೆ ಕೀಚ್ ಅನ್ನೋದು ಯಾಕೆ? ಮಳೆಯಲ್ಲಿ ನೆನೆದರೆ ಎಲ್ಲಾ ಡಿಸ್ಕ್ ಬ್ರೇಕೂ ಸ್ವಲ್ಪ ಹೊತ್ತು ಕೂಗುತ್ತೆ, ಒಣಗಿದ ಮೇಲೆ ನಿಲ್ಲುತ್ತೆ. ಒಣಗಿದ ಮೇಲೂ ಕೂಗ್ತಿದ್ದರೆ ಮೂರು ಕಾರಣ ನೋಡಿ: ಎಣ್ಣೆ ತಾಗಿದೆ, ಕ್ಯಾಲಿಪರ್ ಓರೆಯಾಗಿ ಕೂತಿದೆ, ಇಲ್ಲಾ ಪ್ಯಾಡ್ ಸವೆದು ಹಿಂದಿನ ಕಬ್ಬಿಣದ ಪಟ್ಟಿಯೇ ಡಿಸ್ಕ್‌ಗೆ ತಾಗ್ತಿದೆ. ಮೂರನೆಯದು ಅಪಾಯ. ಟಾರ್ಚ್ ಬಿಟ್ಟು ಕ್ಯಾಲಿಪರ್ ಒಳಗೆ ನೋಡಿ. ಪಟ್ಟಿಯ ಮೇಲಿನ ಮಸಾಲೆ 1 ಮಿಲಿಮೀಟರ್‌ಗಿಂತ ಕಮ್ಮಿ ಕಂಡರೆ ಪ್ಯಾಡ್ ಬದಲಾಯಿಸೋ ಟೈಮ್ ಬಂದಿದೆ ಅಂತಲೇ ತಿಳ್ಕೊಳ್ಳಿ. ಪ್ಯಾಡ್‌ನ ಆಕಾರ ಬ್ರೇಕ್‌ನಿಂದ ಬ್ರೇಕ್‌ಗೆ ಬೇರೆ ಇರುತ್ತೆ. ಹಳೇದನ್ನ ಜೇಬಲ್ಲಿ ಹಾಕ್ಕೊಂಡು ಅಂಗಡಿಗೆ ಹೋಗೋದು ಒಳ್ಳೇದು.

ಲಿವರ್‌ನಿಂದ ಕ್ಯಾಲಿಪರ್‌ಗೆ ಕೇಬಲ್ ಹೋಗಿದ್ದರೆ ಅದು ಮೆಕ್ಯಾನಿಕಲ್ ಡಿಸ್ಕ್. ಪ್ಯಾಡ್ ಸವೆದ ಹಾಗೆ ಕೇಬಲ್ ಬಿಗಿ ಮಾಡ್ತಾ ಇರಬೇಕು. ಲಿವರ್ ಹ್ಯಾಂಡಲ್‌ಗೆ ಬಂದು ತಾಗ್ತಿದ್ದರೆ ಆ ಸೈಕಲ್‌ನಲ್ಲಿ ಘಾಟಿ ಇಳಿಯಬೇಡಿ. ಒಳಗೆ ಎಣ್ಣೆ ತುಂಬಿದ ಪೈಪ್ ಇದ್ದರೆ ಹೈಡ್ರಾಲಿಕ್. ಇದರಲ್ಲಿ ಎರಡು ವಿಷಯ ನೆನಪಿಡಿ. ಚಕ್ರ ಬಿಚ್ಚಿದಾಗ ಲಿವರ್ ಒತ್ತಬಾರದು, ಪ್ಯಾಡ್ ಒಂದಕ್ಕೊಂದು ಅಂಟಿಕೊಂಡು ಡಿಸ್ಕ್ ಒಳಗೆ ಹೋಗಲ್ಲ. ಇನ್ನೊಂದು, ಎಣ್ಣೆ ಬೇರೆ ಬೇರೆ. ಶಿಮಾನೊ, ಟೆಕ್ಟ್ರೊ ಬ್ರೇಕ್‌ಗಳಿಗೆ ಮಿನರಲ್ ಆಯಿಲ್, ಬೇರೆ ಕೆಲವಕ್ಕೆ ಕಾರು ಬೈಕಿಗೆ ಹಾಕೋ ತರದ ಡಾಟ್ ಫ್ಲೂಯಿಡ್. ಒಂದಕ್ಕೆ ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲ್ ಹಾಳಾಗಿ ಬ್ರೇಕೇ ಹೋಗುತ್ತೆ. ಲಿವರ್ ಮೇಲೆ ಯಾವುದು ಅಂತ ಬರೆದಿರುತ್ತೆ, ಓದಿ.

ಇಳಿಜಾರಿನಲ್ಲಿ ಉದ್ದಕ್ಕೂ ಬ್ರೇಕ್ ಹಿಡಿದುಕೊಂಡೇ ಬರಬೇಡಿ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಸೇರಿಸಿ ಹಿಡಿದು ವೇಗ ಕಮ್ಮಿ ಮಾಡಿ, ಆಮೇಲೆ ಬಿಡಿ. ಡಿಸ್ಕ್ ತಣ್ಣಗಾಗೋಕೆ ಪುರುಸೊತ್ತು ಸಿಗುತ್ತೆ. ಇಳಿದ ತಕ್ಷಣ ಡಿಸ್ಕ್ ಮುಟ್ಟಬೇಡಿ, ಕೈ ಸುಡುತ್ತೆ.

ಆನ್‌ಲೈನ್ ಸೈಕಲ್: ಮುಂದಿನ ಫೋರ್ಕ್ ಹಿಂದು ಮುಂದು

ನಾನು ಕೂತಿದ್ದಾಗಲೇ ಒಬ್ಬ ಅಮ್ಮ ಒಂಬತ್ತನೇ ಕ್ಲಾಸಿನ ಮಗನ ಜೊತೆ ಬಂದರು. ಸೈಕಲ್ ಡಬ್ಬದಲ್ಲಿ ಬಂದಿದ್ದು, ಮನೆಯಲ್ಲೇ ಜೋಡಿಸಿದ್ದು. "ಯಾಕೋ ಸರಿಯಾಗಿ ತಿರುಗಲ್ಲ ಅಂತಾನೆ, ನೋಡಿಕೊಡಣ್ಣ" ಅಂದರು. ಮುಂದಿನ ಫೋರ್ಕನ್ನೇ ತಿರುಗಾಮುರುಗಾ ಹಾಕಿದ್ದರು. ಡಿಸ್ಕ್ ಬ್ರೇಕ್ ಬಲಗಡೆಗೆ ಬಂದಿತ್ತು. ಸಾಮಾನ್ಯವಾಗಿ ಮುಂದಿನ ಡಿಸ್ಕ್, ಸೈಕಲ್ ಮೇಲೆ ಕೂತವರ ಎಡಗಡೆಗಿರಬೇಕು. ಫೋರ್ಕ್ ಉಲ್ಟಾ ಇದ್ದರೆ ಹ್ಯಾಂಡಲ್ ಹಿಡಿತಕ್ಕೆ ಸಿಗಲ್ಲ, ಪೆಡಲ್ ತುಳಿಯೋ ಕಾಲಿಗೆ ಚಕ್ರ ತಾಗೋದೂ ಉಂಟು. ಆ ಹುಡುಗ ಅದರಲ್ಲೇ ದಿನಾ ಸ್ಕೂಲಿಗೆ ಹೋಗ್ತಿದ್ದನಂತೆ.

ಅಣ್ಣ ಅದನ್ನ ತಿರುಗಿಸಿ ಹಾಕಿ, ದುಡ್ಡು ತಗೊಳ್ಳದೆ ಕಳಿಸಿದರು. "ಶೇಕಡಾ 85 ಜೋಡಿಸಿದೆ ಅಂತ ಡಬ್ಬದ ಮೇಲೆ ಬರೆದಿರ್ತಾರೆ. ಉಳಿದ 15ರಲ್ಲಿ ಇರೋದು ಬ್ರೇಕು, ಹ್ಯಾಂಡಲು, ಪೆಡಲು. ಜೀವ ಇರೋದೇ ಅದರಲ್ಲಿ. ಎಲ್ಲಿಂದ ಬೇಕಾದ್ರೂ ತಗೊಳ್ಳಿ, ಓಡಿಸೋ ಮುಂಚೆ ಒಂದ್ಸಲ ಮೆಕ್ಯಾನಿಕ್‌ಗೆ ತೋರಿಸಿ" ಅನ್ನೋದು ಅವರ ಮಾತು.

ಪೆಡಲ್ ಬಗ್ಗೆ ಇನ್ನೊಂದು ಮಾತು. ಬಲಗಡೆ ಪೆಡಲ್ ಮಾಮೂಲಿ ನಟ್ಟಿನ ಹಾಗೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತೆ. ಎಡಗಡೆ ಪೆಡಲ್‌ದು ಉಲ್ಟಾ ಥ್ರೆಡ್, ಎಡಕ್ಕೆ ತಿರುಗಿಸಬೇಕು. ಪೆಡಲ್ ಮೇಲೆ ಎಲ್, ಆರ್ ಅಂತ ಅಕ್ಷರ ಇರುತ್ತೆ. ಅದಲು ಬದಲು ಮಾಡಿ ಪಾನಾ ಹಾಕಿ ತಿರುವಿದರೆ ಕ್ರ್ಯಾಂಕ್‌ನ ಥ್ರೆಡ್ ಕಿತ್ತುಹೋಗುತ್ತೆ. ಪೆಡಲ್ ಅಲ್ಲ, ಕ್ರ್ಯಾಂಕೇ ಬದಲಾಯಿಸಬೇಕಾಗುತ್ತೆ.

ಚೈನ್: ಟೇಪ್ ಹಿಡಿದರೆ ಗೊತ್ತಾಗುತ್ತೆ

ಚೈನ್ ಸವೆದರೆ ಉದ್ದ ಆಗುತ್ತೆ. ಉದ್ದ ಆದ ಚೈನ್ ಹಿಂದಿನ ಗೇರ್ ಹಲ್ಲುಗಳನ್ನ ತಿನ್ನುತ್ತೆ. ಚೈನ್‌ಗಿಂತ ಆ ಹಲ್ಲಿನ ಸೆಟ್ಟಿಗೇ ಜಾಸ್ತಿ ದುಡ್ಡು. ಅದಕ್ಕೇ ಚೈನ್ ಅನ್ನ ಸಮಯಕ್ಕೆ ಬದಲಾಯಿಸೋದು ಉಳಿತಾಯ.

ನೋಡೋದು ಹೇಗೆ? ಇಂಚಿನ ಟೇಪ್ ತಗೊಳ್ಳಿ. ಚೈನ್‌ನ ಒಂದು ಪಿನ್ ನಡುವಿಗೆ ಸೊನ್ನೆ ಇಡಿ. ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, ಹಾಗಾಗಿ 24 ಪಿನ್ ಎಣಿಸಿದರೆ ಹೊಸ ಚೈನ್‌ನಲ್ಲಿ ಸರಿಯಾಗಿ 12 ಇಂಚಿಗೆ ಬರುತ್ತೆ. ಆ ಪಿನ್ 12 ಇಂಚು ದಾಟಿ ಒಂದೂವರೆ ಮಿಲಿಮೀಟರ್‌ನಷ್ಟು ಮುಂದೆ ಹೋಗಿದ್ದರೆ ಹೊಸ ಚೈನ್ ಹಾಕಿಸಿ. 3 ಮಿಲಿಮೀಟರ್ ದಾಟಿದ್ದರೆ ಹಿಂದಿನ ಹಲ್ಲಿನ ಸೆಟ್ಟೂ ಹೋಗಿರುತ್ತೆ ಅಂತ ಲೆಕ್ಕ. ಹಳೇ ಹಲ್ಲಿಗೆ ಹೊಸ ಚೈನ್ ಹಾಕಿದರೆ ಏರಿನಲ್ಲಿ ಜೋರಾಗಿ ತುಳಿದಾಗ ಟಕ್ ಅಂತ ಜಾರುತ್ತೆ.

ಎಣ್ಣೆ ಹಾಕೋಕೂ ಒಂದು ಕ್ರಮ ಇದೆ. ಮೊದಲು ಬಟ್ಟೆಯಲ್ಲಿ ಕೆಸರು ಒರೆಸಿ. ಆಮೇಲೆ ಒಂದೊಂದು ರೋಲರ್‌ಗೆ ಒಂದೊಂದೇ ಹನಿ. ಪೆಡಲ್ ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಎಣ್ಣೆ ಪೂರ್ತಿ ಒರೆಸಿ. ಎಣ್ಣೆ ಬೇಕಿರೋದು ರೋಲರ್ ಒಳಗೆ. ಹೊರಗೆ ಉಳಿದದ್ದು ಧೂಳು ಹಿಡಿದು ಮರಳು ಕಾಗದದ ಹಾಗೆ ಕೆಲಸ ಮಾಡುತ್ತೆ. ಬೈಕಿನ ಹಳೇ ಎಂಜಿನ್ ಆಯಿಲ್, ಗ್ರೀಸು ಎರಡೂ ಬೇಡ. ಹಾಕುವಾಗ ಹಿಂದಿನ ಡಿಸ್ಕ್‌ಗೆ ಹಾರದ ಹಾಗೆ ಒಂದು ಹಳೇ ಬಟ್ಟೆ ಮುಚ್ಚಿ.

ಗೇರ್ ಬೀಳ್ತಿಲ್ಲ ಅಂದ್ರೆ

ಹಿಂದಿನ ಗೇರ್ ದೊಡ್ಡ ಹಲ್ಲಿಗೆ ಹತ್ತೋಕೆ ತಡ ಮಾಡ್ತಿದ್ದರೆ ಬಹಳ ಸಲ ಕೇಬಲ್ ಸಡಿಲ ಆಗಿರುತ್ತೆ. ಡಿರೇಲರ್‌ಗೆ ಕೇಬಲ್ ಸೇರೋ ಜಾಗದಲ್ಲಿ ಒಂದು ಸಣ್ಣ ತಿರುಗಣಿ ಇರುತ್ತೆ. ಹಿಂದೆ ನಿಂತು ನೋಡಿ ಅದನ್ನ ಎಡಕ್ಕೆ ಕಾಲು ಸುತ್ತು ತಿರುಗಿಸಿ, ಗೇರ್ ಹಾಕಿ ನೋಡಿ. ಮತ್ತೆ ಕಾಲು ಸುತ್ತು. ಸಣ್ಣ ಹಲ್ಲಿಗೆ ಇಳಿಯೋಕೆ ತಡ ಆದರೆ ಬಲಕ್ಕೆ. ಪಕ್ಕದಲ್ಲಿ ಎಚ್, ಎಲ್ ಅಂತ ಬರೆದ ಎರಡು ಸ್ಕ್ರೂ ಇವೆ. ಚೈನ್ ಆ ಕಡೆ ಈ ಕಡೆ ಎಷ್ಟರವರೆಗೆ ಹೋಗಬಹುದು ಅನ್ನೋ ಗಡಿ ಅದು. ತಿಳೀದೆ ಅದಕ್ಕೆ ಕೈ ಹಾಕಬೇಡಿ.

ಸೈಕಲ್ ಬಲಗಡೆಗೆ ಬಿದ್ದ ಮೇಲೆ ಗೇರ್ ಕೆಟ್ಟಿದೆ ಅಂದ್ರೆ ಕಾರಣ ಬೇರೆ. ಡಿರೇಲರನ್ನ ಫ್ರೇಮ್‌ಗೆ ಸೇರಿಸೋ ಹ್ಯಾಂಗರ್ ಅನ್ನೋ ಸಣ್ಣ ತುಂಡು ಬಗ್ಗಿರುತ್ತೆ. ಅಲ್ಯುಮಿನಿಯಂ ಫ್ರೇಮ್‌ಗಳಲ್ಲಿ ಅದನ್ನ ಬೇಕು ಅಂತಲೇ ಮೆದುವಾಗಿ ಮಾಡಿರ್ತಾರೆ, ಫ್ರೇಮ್ ಉಳೀಲಿ ಅಂತ. ಬಗ್ಗಿದ್ದು ಗೊತ್ತಾಗದೆ ಮೊದಲನೇ ಗೇರ್ ಹಾಕಿದರೆ ಡಿರೇಲರ್ ಕಡ್ಡಿಗೆ ಸಿಕ್ಕಿ ಚಕ್ರವೇ ಹಾಳಾಗುತ್ತೆ. ಒಂದು ಫ್ರೇಮಿನ ಹ್ಯಾಂಗರ್ ಇನ್ನೊಂದಕ್ಕೆ ಕೂರಲ್ಲ. ನಿಮ್ಮ ಮಾಡೆಲ್‌ದು ಸಿಕ್ಕಿದಾಗ ಒಂದು ತಂದು ಮನೆಯಲ್ಲಿಡಿ.

ಬಿಡಿಭಾಗ ತರಿಸೋರು ಇನ್ನೊಂದು ವಿಷಯ ಗಮನಿಸಿ. ಕಮ್ಮಿ ಬೆಲೆಯ 7 ಸ್ಪೀಡ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಹಬ್‌ಗೆ ತಿರುಗಿಸಿ ಕೂರಿಸೋ ಫ್ರೀವೀಲ್. ಜಾಸ್ತಿ ಬೆಲೆಯದರಲ್ಲಿ ಕ್ಯಾಸೆಟ್. ನೋಡೋಕೆ ಒಂದೇ ತರ, ಆದರೆ ಒಂದರ ಜಾಗಕ್ಕೆ ಇನ್ನೊಂದು ಬರಲ್ಲ. ಫೋಟೋ ನೋಡಿ ಆರ್ಡರ್ ಮಾಡಿ ಕೈ ಸುಟ್ಟುಕೊಂಡವರು ವಾರಕ್ಕೊಬ್ಬರಾದ್ರೂ ಅಂಗಡಿಗೆ ಬರ್ತಾರಂತೆ.

ಟೈರ್: 26 ಅಂದರೆ ಸಾಲದು

"26 ಇಂಚಿನ ಟೈರ್ ಕೊಡಿ" ಅಂದರೆ ಅರ್ಧ ಮಾತು ಆಯ್ತು. 26 x 1.95 ಅಂತ ಚುಕ್ಕಿ ಇಟ್ಟು ಬರೆದಿದ್ದು ಮೌಂಟೇನ್ ಬೈಕಿನದು, ರಿಮ್ ಅಳತೆ 559. 26 x 1⅜ ಅಂತ ಭಿನ್ನರಾಶಿಯಲ್ಲಿ ಬರೆದಿದ್ದು ಹಳೇ ತರದ ಸೈಕಲ್‌ದು, ರಿಮ್ ಅಳತೆ 590. ಒಂದರ ರಿಮ್‌ಗೆ ಇನ್ನೊಂದು ಕೂರಲ್ಲ. 27.5ಕ್ಕೆ 584, 29ಕ್ಕೆ 622. ಟೈರ್ ಬದಿಯಲ್ಲಿ 50-559 ಅನ್ನೋ ತರ ಸಂಖ್ಯೆ ಇರುತ್ತೆ. ಅದರ ಫೋಟೋ ತೆಗೆದುಕೊಂಡು ಹೋಗಿ.

ಗಾಳಿ ಎಷ್ಟು ಅನ್ನೋದೂ ಅಲ್ಲೇ ಬರೆದಿರುತ್ತೆ. ಕಮ್ಮಿ ಗಾಳಿಯಲ್ಲಿ ಕಲ್ಲಿಗೆ ಹೊಡೆದರೆ ಟ್ಯೂಬ್ ರಿಮ್ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತೆ. ಒಂಟಿ ತೂತಾದ್ರೆ ಮುಳ್ಳೋ ಮೊಳೆಯೋ ಇರಬಹುದು, ಪ್ಯಾಚ್ ಹಾಕೋಕೆ ಮುಂಚೆ ಟೈರ್ ಒಳಗೆ ಬಟ್ಟೆ ಆಡಿಸಿ ಹುಡುಕಿ. ಇಲ್ಲಾಂದ್ರೆ ಅದೇ ಮುಳ್ಳಿಗೆ ಇನ್ನೊಂದು ಪಂಚರ್.

ವಾಟರ್ ಸರ್ವಿಸ್ ಬೇಡ

ಕೆಸರಾಯ್ತು ಅಂತ ಬೈಕ್ ತೊಳೆಯೋ ಕಡೆ ತಗೊಂಡು ಹೋಗಿ ಜೋರು ನೀರು ಹೊಡೆಸೋದು ನಮ್ಮಲ್ಲಿ ಅಭ್ಯಾಸ. ಆ ನೀರು ಹಬ್, ಹ್ಯಾಂಡಲ್ ಬೇರಿಂಗ್, ಪೆಡಲ್ ನಡುವಿನ ಬೇರಿಂಗ್ ಒಳಗೆ ನುಗ್ಗಿ ಗ್ರೀಸ್ ತೊಳೆದುಹಾಕುತ್ತೆ. ಕೆಲವೇ ವಾರದಲ್ಲಿ ಕರಕರ ಶುರು. ಬಕೆಟ್ ನೀರು, ಸ್ವಲ್ಪ ಸೋಪು, ಬ್ರಶ್ಶು ಸಾಕು. ತೊಳೆದು ಒರೆಸಿ, ಚೈನ್‌ಗೆ ಎಣ್ಣೆ ಹಾಕಿ ಇಡಿ. ಮುಂದಿನ ಸಸ್ಪೆನ್ಷನ್ ಕಾಲುಗಳ ಕೆಸರನ್ನ ಬಟ್ಟೆಯಲ್ಲಿ ಒರೆಸಿದರೆ ಅದರ ಸೀಲ್ ಬಾಳಿಕೆ ಬರುತ್ತೆ.

ಹೊರಡೋ ಮುಂಚೆ ಎರಡು ನಿಮಿಷ

* ಎರಡೂ ಬ್ರೇಕ್ ಹಿಡಿದು ಸೈಕಲ್ ಮುಂದಕ್ಕೆ ತಳ್ಳಿ. ಚಕ್ರ ತಿರುಗಬಾರದು, ಲಿವರ್ ಹ್ಯಾಂಡಲ್‌ಗೆ ತಾಗಬಾರದು.
* ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಅಂದರೆ ಹೆಡ್‌ಸೆಟ್ ಸಡಿಲ.
* ಚಕ್ರದ ಕ್ವಿಕ್ ರಿಲೀಸ್ ಲಿವರ್ ಮಡಚುವಾಗ ಅಂಗೈಯಲ್ಲಿ ಗುರುತು ಬೀಳೋವಷ್ಟು ಬಿಗಿ ಇರಬೇಕು. ಅದನ್ನ ನಟ್ಟಿನ ಹಾಗೆ ಸುತ್ತಿಸಿ ಬಿಡೋದಲ್ಲ, ಮಡಚಬೇಕು.
* ಟೈರ್ ಒತ್ತಿ ನೋಡಿ. ಬದಿಯಲ್ಲಿ ಸೀಳು ಇದ್ದರೆ ಹೊರಡಬೇಡಿ.
* ಸೀಟಿನ ಕಂಬದ ಮೇಲೆ ಒಂದು ಗೆರೆ ಇರುತ್ತೆ, ಅದು ಹೊರಗೆ ಕಾಣಬಾರದು.
* ವಾರಕ್ಕೊಮ್ಮೆ ಫ್ರೇಮ್‌ನ ವೆಲ್ಡಿಂಗ್ ಜಾಗಗಳನ್ನ ಒರೆಸಿ, ಕೂದಲೆಳೆ ಬಿರುಕು ಇದೆಯಾ ನೋಡಿ.

ದುಡ್ಡು ಕಮ್ಮಿ ಇದ್ದರೆ ಯಾವುದನ್ನ ಮೊದಲು ಮಾಡಿಸಬೇಕು ಅಂತ ಕೇಳಿದೆ. "ಮೊದಲು ಬ್ರೇಕ್, ಆಮೇಲೆ ಟೈರ್, ಆಮೇಲೆ ಚೈನ್. ಗೇರ್ ಒಂದೆರಡು ಬೀಳದಿದ್ದರೆ ಇಳಿದು ತಳ್ಳಬಹುದು. ಬ್ರೇಕ್ ಇಲ್ಲದಿದ್ದರೆ ಇಳಿಯೋಕೂ ಆಗಲ್ಲ ಅಂತ ನಿಂಗೆ ಗೊತ್ತಲ್ಲ" ಅಂದರು.

ಹೊಸ ಪ್ಯಾಡ್ ಹಾಕಿಸಿಕೊಂಡು ಮತ್ತೆ ಗಿರಿ ಕಡೆ ಹೋಗಿ ಬಂದೆ. ಹೊಸ ಪ್ಯಾಡ್ ಹಿಡಿತಕ್ಕೆ ಬರಬೇಕಾದ್ರೆ ಸಮತಟ್ಟು ರಸ್ತೆಯಲ್ಲಿ ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಹಿಡಿದು ಬಿಡಬೇಕು ಅಂದಿದ್ದರು, ಅದನ್ನೂ ಮಾಡಿದ್ದೆ. ಈಗಲೂ ಮಳೆ ಬಂದರೆ ಬ್ರೇಕ್ ಕೂಗುತ್ತೆ. ಕೂಗಲಿ ಅಂತ ಬಿಟ್ಟಿದ್ದೇನೆ. ಸ್ಪ್ರೇ ಡಬ್ಬ ಈಗ ಬ್ಯಾಗಿನಲ್ಲಿಲ್ಲ, ಮನೆಯ ಗೇಟಿನ ಬೀಗಕ್ಕೆ ಮಾತ್ರ ಉಪಯೋಗ.

ನಿಮ್ಮ ಮನೆಯಲ್ಲೂ ಗೇರ್ ಸೈಕಲ್ ತುಳಿಯೋ ಮಕ್ಕಳಿದ್ದರೆ, ಇವತ್ತು ಸಂಜೆ ಅದರ ಬ್ರೇಕ್ ಒಂದ್ಸಲ ನೀವೇ ಹಿಡಿದು ನೋಡಿ.