ನಿಮಗಿದು ಗೊತ್ತೇ? ಸುರಪುರದ ಸಾಹೇಬ, ಠಕ್ಕರ ಕಥೆ

ವೇಷ ಮರೆಸಿದವರು, ಗುಪ್ತ ಸಂಕೇತ, ಮಾಫಿ ಸಾಕ್ಷಿ... ಪತ್ತೇದಾರಿ ಕಾದಂಬರಿಯ ಈ ಸರಕನ್ನೆಲ್ಲ ಷರ್ಲಾಕ್ ಹೋಮ್ಸ್ ಹುಟ್ಟುವ ಎಷ್ಟೋ ಮೊದಲೇ ಬಳಸಿದ ಲೇಖಕನೊಬ್ಬ ನಮ್ಮ ಸುರಪುರದಲ್ಲಿ ಆಡಳಿತ ನಡೆಸಿದ್ದ. ಹೆಸರು ಫಿಲಿಪ್ ಮೆಡೋಸ್ ಟೇಲರ್. ಗುಡ್ಡದ ಮೇಲಿನ ಅವನ ಬಂಗಲೆಗೆ ಇಂದಿಗೂ 'ಟೇಲರ್ ಮಂಜಿಲ್' ಎಂದೇ ಹೆಸರು.

1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವನು 15ರ ವಯಸ್ಸಿಗೇ ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಹಡಗು ಹತ್ತಿದ. ಬಂದು ನೋಡಿದರೆ ವ್ಯಾಪಾರಿಯೇ ಸಂಕಷ್ಟದಲ್ಲಿ! ಹಾಗಾಗಿ ಸೇರಿದ್ದು ನಿಜಾಮನ ಸೇನೆ.

ಠಕ್ಕರ ಬಗ್ಗೆ ಟೇಲರ್ ಬರೆದ ಕಾದಂಬರಿ 'ಕನ್ಫೆಷನ್ಸ್ ಆಫ್ ಎ ಥಗ್' ಲಂಡನ್ನಿನಲ್ಲಿ ಅಚ್ಚಾದದ್ದು 1839ರಲ್ಲಿ, ಮೂರು ಸಂಪುಟಗಳಲ್ಲಿ. ಪುಸ್ತಕ ಹೊರಬರುವವರೆಗೂ ಕಾಯಲಾಗದೆ ವಿಕ್ಟೋರಿಯಾ ರಾಣಿ ಕರಡಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದಳಂತೆ. ಹೇಳಿದವನು ಟೇಲರನೇ.

ಕಥಾನಾಯಕ ಅಮೀರ್ ಅಲಿ 719 ಕೊಲೆಗಳಲ್ಲಿ ಪಾಲುಗೊಂಡವನು. ಸಿಕ್ಕಿಬಿದ್ದು ಮಾಫಿ ಸಾಕ್ಷಿಯಾಗಿ ತನ್ನ ಕಥೆ ತಾನೇ ಹೇಳುತ್ತಾನೆ. ಎದುರಿಗಿರುವ ಸಾಹೇಬನದು ಹೆಚ್ಚಾಗಿ ಕೇಳಿಸಿಕೊಳ್ಳುವ ಕೆಲಸ. ಟೇಲರನ ಕೈಚಳಕವಿರುವುದು ಇಲ್ಲೇ. ಬಾಲಕ ಅಮೀರನನ್ನು ಸಾಕಿದವನೇ ಅವನ ಹೆತ್ತವರನ್ನು ಕೊಂದ ಠಕ್ಕ. ಇದು ಓದುಗರಿಗೆ ಆರಂಭದಲ್ಲೇ ಗೊತ್ತು, ಅಮೀರನಿಗೆ ಗೊತ್ತಾಗುವುದು ಬಹಳ ತಡವಾಗಿ. ಅಷ್ಟರಲ್ಲಿ ಅವನು ತನ್ನ ಒಡಹುಟ್ಟಿದ ತಂಗಿಯನ್ನೂ ಗುರುತಿಸದೆ ಕೊಂದಿರುತ್ತಾನೆ. ಕೊಲೆಗಾರ ಯಾರೆಂಬ ಗುಟ್ಟನ್ನು ಮುಚ್ಚಿಡದೆಯೇ ಓದುಗರ ಎದೆ ನಡುಗಿಸಿದ ಬರಹ ಇದು.

ಠಕ್ಕರು ದಾರಿಹೋಕರ ಜತೆ ಸ್ನೇಹ ಬೆಳೆಸಿ, ಎಲ್ಲರೂ ನಿಶ್ಚಿಂತೆಯಿಂದ ಕುಳಿತಾಗ 'ತಂಬಾಕು ತನ್ನಿ' ಎನ್ನುತ್ತಿದ್ದರು. ಕುತ್ತಿಗೆಗೆ ವಸ್ತ್ರ ಬಿಗಿಯಲು ಅದೇ ಸಂಕೇತ! (ಮಾಫಿ ಸಾಕ್ಷಿಗಳ ಹೇಳಿಕೆಗಳಲ್ಲಿ ನಿಜವೆಷ್ಟು, ಕಂಪನಿ ಸರ್ಕಾರಕ್ಕೆ ಬೇಕಾದದ್ದೆಷ್ಟು ಎಂದು ಇತಿಹಾಸಕಾರರು ಈಗಲೂ ಜಗಳವಾಡುತ್ತಾರೆ. ಆ ಅನುಮಾನ ಇಟ್ಟುಕೊಂಡೇ ಓದುವುದು ಒಳ್ಳೆಯದು.)

ಸುರಪುರದ ಬಾಲರಾಜ ವೆಂಕಟಪ್ಪ ನಾಯಕ ಟೇಲರನನ್ನು ಕರೆಯುತ್ತಿದ್ದದ್ದು 'ಅಪ್ಪ' ಎಂದು. ಅದೇ ರಾಜ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಗುಂಡೇಟಿನಿಂದ ತೀರಿಕೊಂಡ.

ಬೋನಾಳದ ಕೆರೆಯನ್ನು ಸುಧಾರಿಸಿದ್ದೂ, ರಾಜನಕೋಳೂರಿನ ಬೃಹತ್ ಶಿಲಾ ಸಮಾಧಿಗಳನ್ನು ವಿದ್ವಾಂಸರ ಗಮನಕ್ಕೆ ತಂದದ್ದೂ ಟೇಲರನೇ.

ಅವನ 'ತಾರಾ', 'ರಾಲ್ಫ್ ಡಾರ್ನೆಲ್', 'ಸೀತಾ' ಕಾದಂಬರಿಗಳ ಕಾಲ ಕ್ರಮವಾಗಿ 1657, 1757, 1857. ನೂರು ನೂರು ವರ್ಷಕ್ಕೊಂದು ಕಥೆ!

ಟೇಲರನ ಇನ್ನೊಂದು ಕಾದಂಬರಿಗೆ ಆದಿಲಶಾಹಿ ವಂಶದ ನಂಟಿದೆ. ಆದಿಲಶಾಹಿ ಎಂದರೆ ಬಿಜಾಪುರಕ್ಕೆ ಓಡುತ್ತೇವೆ. ಆದರೆ ಆ ವಂಶದ ಮೊದಲ ನಾಲ್ವರು ಸುಲ್ತಾನರಾದ ಯೂಸುಫ್, ಇಸ್ಮಾಯಿಲ್, ಮಲ್ಲು, ಇಬ್ರಾಹಿಂ ಮಣ್ಣಾದದ್ದು ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಚಂದಾ ಹುಸೇನಿ ದರ್ಗಾದ ಮಗ್ಗುಲಲ್ಲಿ. ಈ ಇಬ್ರಾಹಿಮನ ಸೊಸೆಯೇ ಚಾಂದ್ ಬೀಬಿ. ಟೇಲರನ ಕೊನೆಯ ಕಾದಂಬರಿ 'ಎ ನೋಬಲ್ ಕ್ವೀನ್' ಅವಳದೇ ಕಥೆ. ಅದು ಪುಸ್ತಕವಾಗಿ ಬಂದದ್ದು 1878ರಲ್ಲಿ, ಲೇಖಕ ಫ್ರಾನ್ಸಿನ ಮಾಂತೋನ್‌ನಲ್ಲಿ ತೀರಿಕೊಂಡು ಎರಡು ವರ್ಷವಾದ ಮೇಲೆ.