ನಿಮಗಿದು ಗೊತ್ತೆ? ವೆಲ್ಸ್ ಮನೆಯ ಪುಟ್ಟ ಕಾಳಗ

‘ದಿ ಟೈಮ್ ಮಷೀನ್’ ಕಾದಂಬರಿ ಬರೆದ ಎಚ್.ಜಿ. ವೆಲ್ಸ್ ಗೆಳೆಯರನ್ನು ಕೂಡಿಸಿಕೊಂಡು ಮನೆಯ ನೆಲದ ಮೇಲೆ ಗೊಂಬೆ ಸೈನಿಕರ ಕಾಳಗ ಆಡುತ್ತಿದ್ದರು. ಆಡುತ್ತಾ ಆಡುತ್ತಾ ರೂಪುಗೊಂಡ ನಿಯಮಗಳನ್ನು 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವಾಗಿ ಹೊರತಂದರು. ಒಂದು ಸರದಿಯಲ್ಲಿ ಕಾಲಾಳು ಒಂದು ಅಡಿ ಸರಿಯಬಹುದು, ಕುದುರೆ ಸವಾರ ಎರಡು ಅಡಿ. ಗುಂಡಿನ ಏಟಿಗೆ ದಾಳದ ಹಂಗಿಲ್ಲ. ಸ್ಪ್ರಿಂಗ್ ಇರುವ ಆಟಿಕೆ ಫಿರಂಗಿಗೆ ಪುಟ್ಟ ಮರದ ತುಂಡು ತುಂಬಿ, ನೆಲಕ್ಕೆ ಬಗ್ಗಿ ಗುರಿಯಿಟ್ಟು ಹೊಡೆಯಬೇಕು. ಉರುಳಿಬಿದ್ದ ಸೈನಿಕ ಸತ್ತಂತೆ!

ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಎಷ್ಟೋ ಮೇಲು ಎಂದು ವೆಲ್ಸ್ ಅದೇ ಪುಸ್ತಕದಲ್ಲಿ ವಾದಿಸಿದ್ದರು. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು.

ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಷ್ಟು ಹಿಂದೆಯೇ ನಕ್ಷೆ, ದಾಳ ಬಳಸುವ ‘ಕ್ರೀಗ್‌ಸ್ಪೀಲ್’ ಎಂಬ ಯುದ್ಧದಾಟವನ್ನು ಪ್ರಕಟಿಸಿದ್ದರು. ಅದು ಸೇನಾಧಿಕಾರಿಗಳ ತರಬೇತಿಗೆ; ವೆಲ್ಸ್ ಆಟ ಬರೀ ಸಂತೋಷಕ್ಕೆ.

ಈಗಿನ ಗೊಂಬೆ ಕಾಳಗಗಳಲ್ಲಿ 28 ಮಿ.ಮೀ. ಅಳತೆಯ ಸೈನಿಕರು ಬಲು ಜನಪ್ರಿಯ. ಕೋಟಿನ ಗುಂಡಿ, ಟೋಪಿಯ ಪಟ್ಟಿಗೂ ಇತಿಹಾಸದ ಪುಸ್ತಕ ನೋಡಿಯೇ ಸಣ್ಣ ಕುಂಚದಲ್ಲಿ ಬಣ್ಣ ಹಚ್ಚುವವರಿದ್ದಾರೆ. ಆ ಶ್ರದ್ಧೆಯೇ ಈ ಹವ್ಯಾಸದ ಜೀವಾಳ. ಲಂಡನ್ನಿನಲ್ಲಿ ಇಂಥವರಿಗಾಗಿಯೇ ‘ಸಲ್ಯೂಟ್’ ಮೇಳ ನಡೆಯುತ್ತದೆ. 1972ರಲ್ಲಿ ಆರಂಭವಾದ ಇದನ್ನು ನಡೆಸುವುದು ‘ಸೌತ್ ಲಂಡನ್ ವಾರ್‌ಲಾರ್ಡ್ಸ್’ ಎಂಬ ಹವ್ಯಾಸಿಗಳ ಕ್ಲಬ್. ನೋಡಲು ಬಂದವರೂ ಕೆಲವು ಮೇಜುಗಳಲ್ಲಿ ಕೂತು ಒಂದು ಕೈ ಆಡಬಹುದು.

ವೆಲ್ಸ್ ಪುಸ್ತಕದ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಓದಿ ನೋಡಿ.